ಸೂಚನಾ ಪೇಟಿಗೆ ಬೀಗ ಬಿದ್ದ ಮೇಲೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ತಿಂಗಳ ಅಂಚೆಯಲ್ಲಿ ಒಂದೇ ವಿಷಯದ ಪತ್ರಗಳು ಹೆಚ್ಚು. ಕೆಲಸ ಸುಧಾರಿಸುವ ಸಲಹೆ ಕೊಟ್ಟ ಸರಕಾರಿ ನೌಕರರಿಗೆ ನಗದು ಬಹುಮಾನ ಕೊಡುವ ಯೋಜನೆಯನ್ನು ಕಚೇರಿ ನಿಲ್ಲಿಸಿಬಿಟ್ಟರೆ ಮುಂದೇನು ಎಂಬುದೇ ಎಲ್ಲರ ಪ್ರಶ್ನೆ. ಬರೆದವರ ಹೆಸರನ್ನೂ ಕಚೇರಿಗಳ ಹೆಸರನ್ನೂ ಕೈಬಿಟ್ಟಿದ್ದೇವೆ.

ಬರೆದವರು ಮಹಾರಾಷ್ಟ್ರ, ಗೋವಾದ ಓದುಗರು, ಆದ್ದರಿಂದ ಮೊದಲು ಒಂದು ಮಾತು. ಮರಾಠಿ ಕಡತದಲ್ಲಿ ‘ಸೂಚನಾ’ ಎಂದರೆ ಆದೇಶವೂ ಆಗಬಹುದು, ಸಲಹೆಯೂ ಆಗಬಹುದು. ‘ಬಕ್ಷೀಸ್’ ಎಂದರೆ ಅಲ್ಲಿ ಗೌರವದ ಬಹುಮಾನ, ಹೋಟೆಲ್ ಮಾಣಿಗೆ ಕೊಡುವ ನಮ್ಮ ಭಕ್ಷೀಸಲ್ಲ. ಈ ಎರಡು ಪದಗಳನ್ನು ತಪ್ಪಾಗಿ ಓದಿಕೊಂಡು ಗಾಬರಿಯಾದವರ ಪತ್ರಗಳೂ ಬಂದಿವೆ.

ಪ್ರಶ್ನೆ: ನಾನು ಒಂದು ಮಹಾನಗರಪಾಲಿಕೆಯ ನೀರು ಸರಬರಾಜು ವಿಭಾಗದಲ್ಲಿದ್ದೇನೆ. ಪಂಪ್‌ಹೌಸಿನ ಬಗ್ಗೆ ಕೊಟ್ಟ ಸಲಹೆ ಕಳೆದ ವರ್ಷವೇ ಜಾರಿಗೆ ಬಂತು. ಬಹುಮಾನದ ಕಡತ ಲೆಕ್ಕಪತ್ರ ವಿಭಾಗದಲ್ಲಿರುವಾಗ ‘ಯೋಜನೆ ತಕ್ಷಣದಿಂದ ರದ್ದು, ಬಾಕಿ ಪ್ರಕರಣಗಳೂ ಮುಕ್ತಾಯ’ ಎಂಬ ಪರಿಪತ್ರಕ (ಸುತ್ತೋಲೆ) ಬಂತು. ಹಣ ಕೇಳುವ ಹಕ್ಕು ನನಗೆ ಉಳಿದಿದೆಯೇ? — ಓದುಗರು, ಮುಲುಂಡ್

ಉತ್ತರ: ಪರಿಪತ್ರಕದ ತಾರೀಖಿನಂದು ನಿಮ್ಮ ಕಾಗದ ಯಾವ ಮೇಜಿನ ಮೇಲಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸಲಹೆಯ ಕಾಗದ ನಾಲ್ಕು ನಿಲ್ದಾಣ ದಾಟುತ್ತದೆ. ಮೊದಲು ಆವಕ್ ನಂಬರ್, ಅಂದರೆ ಕಚೇರಿಗೆ ಕಾಗದ ಬಂದ ನೋಂದಣಿ ಸಂಖ್ಯೆ, ಬೀಳುತ್ತದೆ, ಆಮೇಲೆ ಸಮಿತಿ ಒಪ್ಪುತ್ತದೆ, ನಂತರ ಸಲಹೆ ಜಾರಿಯಾಗುತ್ತದೆ, ಕೊನೆಗೆ ಮಂಜೂರಿ ಆದೇಶಕ್ಕೆ ಸಹಿ ಬೀಳುತ್ತದೆ. ಆವಕ್ ನಂಬರ್ ಮಾತ್ರ ಇದ್ದವರ ಕೈಯಲ್ಲಿ ಹೆಚ್ಚೇನಿಲ್ಲ. ಸಹಿಯಾದ ಮಂಜೂರಿ ಇದ್ದವರ ಹಕ್ಕು ಗಟ್ಟಿ. ನೀವು ಮೂರನೆಯ ನಿಲ್ದಾಣದಲ್ಲಿದ್ದೀರಿ. ಅಲ್ಲಿ ಯೋಜನೆಯ ನಿಯಮದ ಭಾಷೆಯೇ ನಿರ್ಣಾಯಕ. ‘ಮೊದಲ ವರ್ಷದ ಉಳಿತಾಯದ ಶೇ. 10 ಕೊಡಲಾಗುವುದು’ ಎಂದಿದ್ದರೆ ನಿಮ್ಮ ವಾದಕ್ಕೆ ಬಲವಿದೆ. ‘ಸಮಿತಿ ಯೋಗ್ಯವೆಂದು ಕಂಡರೆ ಕೊಡಬಹುದು, ಅದರ ತೀರ್ಮಾನವೇ ಅಂತಿಮ’ ಎಂದಿದ್ದರೆ ಅಷ್ಟು ಬಲವಿಲ್ಲ.

ಇದರ ಹಿಂದಿನ ಕಾನೂನು ಹಳೆಯದು. 1872ರ ಭಾರತೀಯ ಕರಾರು ಕಾಯ್ದೆಯ 8ನೇ ಕಲಮಿನ ಪ್ರಕಾರ, ಪ್ರಸ್ತಾವದ ಷರತ್ತನ್ನು ಪೂರೈಸಿದರೆ ಅದೇ ಒಪ್ಪಿಗೆ. 5ನೇ ಕಲಮಿನಂತೆ ಪ್ರಸ್ತಾವವನ್ನು ಹಿಂದೆಗೆದುಕೊಳ್ಳಬಹುದು, ಆದರೆ ಆ ಒಪ್ಪಿಗೆ ಪೂರ್ಣವಾಗುವುದಕ್ಕೆ ಮೊದಲು ಮಾತ್ರ. ಇನ್ನೊಂದು ತೊಡಕೂ ಇದೆ. ಲಾಲ್ಮನ್ ಶುಕ್ಲ ಪ್ರಕರಣದಲ್ಲಿ (ಅಲಹಾಬಾದ್, 1913) ಕಾಣೆಯಾದ ಹುಡುಗನನ್ನು ಹುಡುಕಿ ತಂದ ನೌಕರನಿಗೆ ಬಹುಮಾನ ಸಿಗಲಿಲ್ಲ, ಏಕೆಂದರೆ ಹುಡುಕುವಾಗ ಬಹುಮಾನದ ಘೋಷಣೆ ಅವನಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ನಿಮ್ಮ ಸಲಹೆ ಆ ಯೋಜನೆಯಡಿ, ಅದರ ನಮೂನೆಯಲ್ಲೇ ಸಲ್ಲಿಕೆಯಾಗಿತ್ತು ಎಂದು ತೋರಿಸಬೇಕಾಗುತ್ತದೆ. ಮೇಲಧಿಕಾರಿಗೆ ಬಾಯಿಮಾತಿನಲ್ಲಿ ಹೇಳಿದ್ದು, ವಾಟ್ಸಾಪಿನಲ್ಲಿ ಕಳಿಸಿದ್ದು ಇಲ್ಲಿ ದುರ್ಬಲ.

ಇನ್ನು ಪರಿಪತ್ರಕವನ್ನೇ ತಿರುವಿ ನೋಡಿ. ಯೋಜನೆ ಹುಟ್ಟಿದ್ದು ಪಾಲಿಕೆಯ ಮಹಾಸಭೆಯ ಠರಾವಿನಿಂದಲಾದರೆ (ನಿರ್ಣಯದಿಂದಲಾದರೆ) ಅದನ್ನು ಮುಗಿಸಲೂ ಠರಾವೇ ಬೇಕು, ವಿಭಾಗ ಮುಖ್ಯಸ್ಥರ ಪರಿಪತ್ರಕ ಸಾಲದು. ಹಣಕಾಸು ಇಲಾಖೆಯ ಸಮ್ಮತಿಯೊಂದಿಗೆ ಬಂದ ಜಿ.ಆರ್. (ರಾಜ್ಯ ಸರಕಾರದ ಆದೇಶ) ಆದರೂ ಇದೇ ಮಾತು, ಅದನ್ನು ತೆಗೆಯಲು ಅದೇ ಮಟ್ಟದ ಇನ್ನೊಂದು ಜಿ.ಆರ್. ಬೇಕು. ಮಹಾರಾಷ್ಟ್ರ ಸರಕಾರದ ಜಾಲತಾಣದಲ್ಲಿ ಪ್ರತಿ ಜಿ.ಆರ್.ಗೂ 18 ಅಂಕಿಯ ಸಂಕೇತಾಂಕ ಇರುತ್ತದೆ. ಮೂಲ ಆದೇಶವನ್ನು ಅದರಿಂದಲೇ ಹುಡುಕಿ, ರದ್ದಾದ ಆದೇಶಗಳ ಸಾಲಿನಲ್ಲಿ ಅದರ ಹೆಸರು ಇದೆಯೇ ನೋಡಿ. ಇನ್ನೊಂದು ಅಂಶ: ಆಡಳಿತಾತ್ಮಕ ಆದೇಶ ಮುಂದಿನ ದಿನಗಳಿಗೆ ಅನ್ವಯಿಸುತ್ತದೆ. ಆಗಲೇ ದಕ್ಕಿದ ಹಕ್ಕನ್ನು ಅದು ಹಿಂದಿನಿಂದ ಕಿತ್ತುಕೊಳ್ಳಲಾರದು. ‘ಬಾಕಿ ಪ್ರಕರಣಗಳೂ ಮುಕ್ತಾಯ’ ಎಂಬ ಸಾಲು ಎಡವುವುದು ಇಲ್ಲೇ.

ಮನವಿ ಒಂದೇ ಪುಟ ಇರಲಿ. ಆವಕ್ ನಂಬರ್ ಮತ್ತು ತಾರೀಖು, ಸಮಿತಿ ಸಭೆಯ ತಾರೀಖು, ಸಲಹೆ ಜಾರಿಯಾದ ದಿನ, ನಿಯಮದ ಕಲಮು, ಕೇಳುವ ಮೊತ್ತ, ಇಷ್ಟು ಸಾಕು. ಅನ್ಯಾಯ, ಅವಮಾನ ಎಂಬ ಮಾತುಗಳು ಬೇಡ. ಕೊಟ್ಟ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಎಲ್ಲಿಗೆ ಹೋಗುವುದು ಎಂಬುದು ನೀವು ಯಾರ ನೌಕರರು ಎಂಬುದರ ಮೇಲಿದೆ. ರಾಜ್ಯ ಸರಕಾರದವರಿಗೆ ಮಹಾರಾಷ್ಟ್ರ ಆಡಳಿತ ನ್ಯಾಯಮಂಡಳಿ ಇದೆ (ಮುಂಬಯಿ, ನಾಗಪುರ, ಔರಂಗಾಬಾದ್). ಕೇಂದ್ರದವರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಮುಂಬಯಿ ಪೀಠ, ಗೋವಾದಲ್ಲಿ ಕೆಲಸ ಮಾಡುವ ಕೇಂದ್ರ ನೌಕರರಿಗೂ ಅದೇ. ಪಾಲಿಕೆಯವರಾದ ನಿಮಗೆ ಈ ಎರಡೂ ಅಲ್ಲ. ಕಾರ್ಮಿಕ ವರ್ಗದಲ್ಲಿದ್ದರೆ ಔದ್ಯೋಗಿಕ (ಕೈಗಾರಿಕಾ) ನ್ಯಾಯಾಲಯ, ಇಲ್ಲದಿದ್ದರೆ ಹೈಕೋರ್ಟ್. ನ್ಯಾಯಮಂಡಳಿಗೆ ಹೋಗುವವರು 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯ ಗಡುವು ನೆನಪಿಡಬೇಕು: ಮನವಿಗೆ 6 ತಿಂಗಳು ಉತ್ತರ ಬರದಿದ್ದರೆ ಆಮೇಲಿನ 1 ವರ್ಷದೊಳಗೆ ಅರ್ಜಿ ಹಾಕಬೇಕು. ಮನವಿಯ ಮೇಲೆ ಮನವಿ ಬರೆಯುತ್ತ ಕುಳಿತರೆ ಗಡುವು ಮುಂದಕ್ಕೆ ಹೋಗುವುದಿಲ್ಲ, ಬಹಳ ಮಂದಿ ಸೋಲುವುದು ಇದರಿಂದಲೇ.

ನೇರವಾಗಿ ಹೇಳಬೇಕೆಂದರೆ, 8–10 ಸಾವಿರ ರೂಪಾಯಿಯ ಬಹುಮಾನಕ್ಕಾಗಿ ವಕೀಲರನ್ನು ಇಡುವುದು ಲೆಕ್ಕಕ್ಕೆ ಕೂಡುವುದಿಲ್ಲ. ಹಣದ ಜೊತೆಗೆ ‘ಸಲಹೆ ಸ್ವೀಕೃತವಾಗಿ ಜಾರಿಗೊಂಡಿದೆ’ ಎಂಬ ನೋಂದಣಿಯನ್ನು ಸೇವಾ ಪುಸ್ತಕದಲ್ಲಿ ಮಾಡಿಕೊಡಿ ಎಂದೂ ಕೇಳಿ. ಅದಕ್ಕೆ ಬಜೆಟ್ ಬೇಕಿಲ್ಲ, ಆದ್ದರಿಂದ ಬೇಗ ಸಿಗುತ್ತದೆ.

ಪ್ರಶ್ನೆ: ನಾನು ಇನ್ನೊಂದು ಕಡೆಯವನು. ನಮ್ಮ ಕಚೇರಿಯ ಯೋಜನೆಯನ್ನು ಮುಚ್ಚುವ ಆದೇಶದ ಕರಡು ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಯಾವುದನ್ನು ಮರೆಯಬಾರದು? — ಆಸ್ಥಾಪನಾ (ಸಿಬ್ಬಂದಿ) ಶಾಖೆಯ ಅಧಿಕಾರಿ, ಪುಣೆ

ಉತ್ತರ: ಮೇಲಿನ ಪತ್ರವನ್ನು ಓದಿದಿರಲ್ಲ, ಅಂಥ ಪತ್ರ ನಿಮ್ಮ ಕಚೇರಿಯಿಂದ ಬಾರದಂತೆ ಬರೆಯಿರಿ. ಮುಚ್ಚುವ ಅಧಿಕಾರ ಸರಕಾರಕ್ಕಿದೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಹುಟ್ಟುವುದು ಸಲಹೆಗಳ ರಿಜಿಸ್ಟರನ್ನು ಅರ್ಧಕ್ಕೆ ಬಿಟ್ಟಾಗ.

ಕರಡಿಗೆ ಕೈಹಾಕುವ ಮೊದಲು ರಿಜಿಸ್ಟರು ತರಿಸಿ. ಪ್ರತಿ ಸಾಲಿನ ಎದುರು ಪೆನ್ಸಿಲಿನಲ್ಲಿ ಒಂದು ಅಕ್ಷರ ಬರೆಯಿರಿ: ನೋಡದೇ ಬಿದ್ದದ್ದು, ಅಭಿಪ್ರಾಯಕ್ಕೆ ಹೋದದ್ದು, ಒಪ್ಪಿ ಜಾರಿಯಾಗದ್ದು, ಜಾರಿಯಾಗಿ ಹಣ ಕೊಡದ್ದು, ತಿರಸ್ಕರಿಸಿ ತಿಳಿಸದ್ದು. ಕೊನೆಯದೇ ಹೆಚ್ಚಿರುತ್ತದೆ. ಸಮಿತಿ ಬೇಡವೆಂದಿರುತ್ತದೆ, ಆದರೆ ಜಾವಕ್ (ಹೊರಹೋಗುವ ಪತ್ರಗಳ) ರಿಜಿಸ್ಟರಿನಲ್ಲಿ ಪತ್ರ ಹೋದ ಗುರುತೇ ಇರುವುದಿಲ್ಲ. ಬರೆದವನು ವರ್ಷಗಟ್ಟಲೆ ಕಾದಿರುತ್ತಾನೆ. ಆ ಪತ್ರಗಳನ್ನು ಮುಚ್ಚುವ ಆದೇಶಕ್ಕೆ ಮೊದಲೇ ಕಳಿಸಿಬಿಡಿ.

ಆದೇಶದಲ್ಲಿ ಒಂದಲ್ಲ, ಮೂರು ತಾರೀಖು ಬೇಕು. ಹೊಸ ಸಲಹೆ ತೆಗೆದುಕೊಳ್ಳುವ ಕೊನೆಯ ದಿನ ಆದೇಶದಿಂದ 30 ದಿನ ದೂರದಲ್ಲಿರಲಿ. ಬಾಕಿ ಇರುವವನ್ನು ಸಮಿತಿ ತೀರಿಸಬೇಕಾದ ದಿನ ಅಲ್ಲಿಂದ ಮುಂದಕ್ಕೆ 90 ದಿನ ಇರಲಿ, ಅಲ್ಲಿಯವರೆಗೆ ಸಮಿತಿ ಜೀವಂತವಾಗಿರುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ. ಮೂರನೆಯದು ಹಣ ಸಂದಾಯದ ಕೊನೆಯ ದಿನ, ಇದು 31 ಮಾರ್ಚ್‌ಗೆ ಮೊದಲು ಬರಲೇಬೇಕು. ಬಹುಮಾನದ ಲೇಖಾ ಶೀರ್ಷದಲ್ಲಿ (ಖರ್ಚಿನ ಖಾತೆಯಲ್ಲಿ) ಉಳಿದ ಹಣ ಆ ದಿನ ಸರೆಂಡರ್ ಆಗುತ್ತದೆ, ಅಂದರೆ ಖಜಾನೆಗೆ ವಾಪಸ್ಸಾಗುತ್ತದೆ. ಮುಂದಿನ ವರ್ಷದ ಬಜೆಟ್‌ನಲ್ಲಿ ನಿಂತುಹೋದ ಯೋಜನೆಗೆ ಯಾರೂ ಹಣ ಇಡುವುದಿಲ್ಲ. ಹಾಗಾದಾಗ ಮಂಜೂರಾದ ಬಹುಮಾನ ಕೊಡಲೂ ದಾರಿಯಿಲ್ಲದೆ ಕಡತ ಹಣಕಾಸು ವಿಭಾಗಕ್ಕೂ ನಿಮಗೂ ನಡುವೆ ಓಡಾಡುತ್ತಿರುತ್ತದೆ. ಜನವರಿ ಕೊನೆಯೊಳಗೆ ಬಾಕಿ ಮೊತ್ತವನ್ನು ಕೂಡಿಸಿ ಮುಗಿಸಿ.

ಇನ್ನು ಸಲಹೆ ಹಾಕುವ ಆ ಪೆಟ್ಟಿಗೆ. ಕ್ಯಾಂಟೀನಿನ ಪಕ್ಕದ ಗೋಡೆಯಲ್ಲೋ ಹಾಜರಿ ಯಂತ್ರದ ಹತ್ತಿರವೋ ತೂಗುತ್ತಿರುವ ಮರದ್ದು, ತಗಡಿನದು. ಬಹಳ ಕಡೆ ಅದರ ಕೀಲಿಕೈ ಯಾರ ಹತ್ತಿರ ಇದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಹಾಗೇ ಕಿತ್ತು ಗೋದಾಮಿಗೆ ಹಾಕಬೇಡಿ. ಇಬ್ಬರು ಸಾಕ್ಷಿಗಳ ಎದುರು ತೆರೆದು, ಒಳಗಿದ್ದ ಪ್ರತಿ ಚೀಟಿಗೆ ಅದೇ ದಿನದ ಆವಕ್ ನಂಬರ್ ಹಾಕಿ ಪಂಚನಾಮೆ ಬರೆಯಿರಿ. ಒಳಗೆ ಸಲಹೆಗಿಂತ ದೂರುಗಳೇ ಹೆಚ್ಚಿರುತ್ತವೆ. ಲೈಂಗಿಕ ಕಿರುಕುಳದ ದೂರು ಸಿಕ್ಕರೆ ಅದನ್ನು ಮುಚ್ಚಿದ ಲಕೋಟೆಯಲ್ಲಿ ಆಂತರಿಕ ದೂರು ಸಮಿತಿಗೆ ಕಳಿಸಬೇಕು, ಪಂಚನಾಮೆಯಲ್ಲಿ ಅದರ ವಿವರ ಬರೆಯಕೂಡದು. ಭ್ರಷ್ಟಾಚಾರದ ದೂರು ದಕ್ಷತಾ (ಜಾಗೃತ) ವಿಭಾಗಕ್ಕೆ ಹೋಗಲಿ. ಯೋಜನೆ ಪೋರ್ಟಲಿನಲ್ಲಿದ್ದರೆ ಗುತ್ತಿಗೆದಾರರ ಒಪ್ಪಂದ ಮುಗಿಯುವ ಮೊದಲೇ ಪೂರ್ತಿ ದತ್ತಾಂಶವನ್ನು, ಲಗತ್ತುಗಳ ಸಮೇತ, ಇಳಿಸಿಕೊಳ್ಳಿ. ಬರೀ ಪಟ್ಟಿ ಇಳಿಸಿಕೊಂಡು ನಕ್ಷೆ, ಫೋಟೋ ಕಳೆದುಕೊಳ್ಳುವುದು ಸಾಮಾನ್ಯ.

ಜಾರಿಯಾಗಿರುವ ಸಲಹೆಗಳಿಗೆ ಒಬ್ಬೊಬ್ಬ ವಾರಸುದಾರನನ್ನು ಹೆಸರಿಸಿ. ಯೋಜನೆ ನಿಂತ ಮೇಲೆ ಸುಧಾರಣೆಯೂ ತಾನಾಗಿ ಸಡಿಲುತ್ತದೆ. ಯಾರೋ ಮಾಡಿಟ್ಟ ಅಳತೆಪಟ್ಟಿ ಹರಿದರೆ ಹೊಸದು ಬರುವುದಿಲ್ಲ, ಬಣ್ಣ ಬಳಿದು ಗುರುತು ಮಾಡಿದ ವಾಲ್ವು ಮತ್ತೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ.

ನಿಮ್ಮದು ಕಾರ್ಖಾನೆ ಅಥವಾ ಸಾರಿಗೆ ಸಂಸ್ಥೆಯಾಗಿದ್ದರೆ ಒಂದು ಹೆಜ್ಜೆ ಹೆಚ್ಚು. ಬಹುಕಾಲದಿಂದ ರೂಢಿಯಲ್ಲಿರುವ ಸವಲತ್ತನ್ನು ಹಿಂತೆಗೆದುಕೊಳ್ಳಲು ಕಾರ್ಮಿಕರಿಗೆ 21 ದಿನಗಳ ಬದಲಾವಣೆ ನೋಟಿಸು ಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮು ಹೇಳುತ್ತಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಮಿನಲ್ಲೂ ಅದೇ ಉಳಿದಿದೆ. ಯೂನಿಯನ್ ಜೊತೆಗಿನ ಒಪ್ಪಂದದಲ್ಲೇ ಈ ಬಹುಮಾನದ ಉಲ್ಲೇಖವಿದ್ದರೆ ಬರೀ ನೋಟಿಸು ಸಾಲದು, ಮಾತುಕತೆ ಬೇಕು.

ಪ್ರಶ್ನೆ: ಬಸ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಗಾಳಿ ಕಂಪ್ರೆಸರಿನ ಪೈಪ್‌ಲೈನಿನ ಸೋರಿಕೆ ನಿಲ್ಲಿಸುವ ಸಲಹೆ ಕೊಟ್ಟೆ. ವರ್ಷಕ್ಕೆ 1,29,600 ರೂ. ಉಳಿತಾಯ ಎಂದು ನನ್ನ ಲೆಕ್ಕ. ಯೋಜನೆ ಮುಚ್ಚುವ ಮುನ್ನ ಹಳೆಯದನ್ನು ತೀರಿಸುವಾಗ ಲೆಕ್ಕದವರು ಅದನ್ನು 81 ಸಾವಿರಕ್ಕೆ ಇಳಿಸಿದ್ದಾರೆ. ಮೋಸವಲ್ಲವೇ? — ಓದುಗರು, ಪಿಂಪ್ರಿ

ಉತ್ತರ: ನೀವು ಕಳಿಸಿದ ಕಾಗದಗಳನ್ನು ನೋಡಿದೆವು. ಮೋಸವಲ್ಲ. ಈ ಸಲ ಲೆಕ್ಕದವರೇ ಸರಿ.

ನಿಮ್ಮ ಲೆಕ್ಕ ಹೀಗಿದೆ. 7 ಬಾರ್ ಒತ್ತಡದಲ್ಲಿ 1.6 ಮಿ.ಮೀ. ತೂತಿನಿಂದ ಸುಮಾರು 0.8 ಕಿಲೋವಾಟ್ ಪೋಲಾಗುತ್ತದೆ, 3.1 ಮಿ.ಮೀ. ತೂತಿನಿಂದ ಸುಮಾರು 3 ಕಿಲೋವಾಟ್. ನಿಮ್ಮಲ್ಲಿದ್ದದ್ದು ಸಣ್ಣ ಸಣ್ಣ ಸೋರಿಕೆಗಳು, ಎಲ್ಲ ಸೇರಿ 3 ಕಿಲೋವಾಟ್. ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಎಂದರೆ 14,400 ಯೂನಿಟ್. ಯೂನಿಟ್ಟಿಗೆ 9 ರೂಪಾಯಿಯಂತೆ 1,29,600. ಗುಣಾಕಾರದಲ್ಲಿ ತಪ್ಪಿಲ್ಲ.

ತಪ್ಪಿರುವುದು ಕಂಪ್ರೆಸರಿನ ಸ್ವಭಾವದಲ್ಲಿ. ನಿಮ್ಮದು 15 ಕಿಲೋವಾಟ್‌ನ ಲೋಡ್–ಅನ್‌ಲೋಡ್ ಯಂತ್ರ. ಗಾಳಿ ಬೇಡವಾದಾಗ ಅದು ನಿಲ್ಲುವುದಿಲ್ಲ, ಹಗುರಾಗಿ ಸುತ್ತುತ್ತಲೇ ಇರುತ್ತದೆ. ಹಾಗೆ ಸುತ್ತುವಾಗಲೂ ಪೂರ್ಣ ಭಾರದ ಶೇ. 30ರಷ್ಟು ಕರೆಂಟು ಎಳೆಯುತ್ತದೆ ಎಂದು ನಿಮ್ಮ ಕಚೇರಿಯವರೇ ಅಳೆದಿದ್ದಾರೆ. ಸೋರಿಕೆ ನಿಂತರೆ ಯಂತ್ರ ಲೋಡಿನಿಂದ ಅನ್‌ಲೋಡಿಗೆ ಸರಿಯುತ್ತದೆ, ಅಷ್ಟೆ. ಆದ್ದರಿಂದ ನಿಜವಾಗಿ ಉಳಿಯುವುದು 3ರ ಶೇ. 70, ಅಂದರೆ 2.1 ಕಿಲೋವಾಟ್. ಅದರಿಂದ 10,080 ಯೂನಿಟ್, 90,720 ರೂಪಾಯಿ. ಅದರಲ್ಲಿ ಸೋರಿಕೆ ನಿಲ್ಲಿಸಲು ಹಾಕಿದ 12 ಕಪ್ಲಿಂಗಿಗೆ (ಪೈಪಿನ ಜೋಡಣೆಗೆ) 450ರಂತೆ 5,400 ಮತ್ತು ಕೂಲಿ 4,000 ಕಳೆದರೆ 81,320. ನಿಯಮದ ಶೇ. 10ರಂತೆ ನಿಮ್ಮ ಬಹುಮಾನ 8,132 ರೂಪಾಯಿ.

ಸೋರಿಕೆಯನ್ನು ತೂತಿನ ಅಳತೆಯಿಂದ ಊಹಿಸುವುದಕ್ಕಿಂತ ಗಡಿಯಾರದಿಂದ ಅಳೆಯುವುದು ಒಳ್ಳೆಯದು. ಕೆಲಸವಿಲ್ಲದ ಭಾನುವಾರ ಎಲ್ಲ ಗಾಳಿ ಉಪಕರಣಗಳನ್ನು ಬಂದ್ ಮಾಡಿ ಕಂಪ್ರೆಸರನ್ನು ಮಾತ್ರ ನಡೆಸಿ. ಲೋಡಿನಲ್ಲಿ ಎಷ್ಟು ಸೆಕೆಂಡ್, ಅನ್‌ಲೋಡಿನಲ್ಲಿ ಎಷ್ಟು ಎಂದು ಐದಾರು ಸುತ್ತು ಬರೆದುಕೊಳ್ಳಿ. ಲೋಡಿನ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಸೋರಿಕೆಯ ಪಾಲು ಸಿಗುತ್ತದೆ. 90 ಸೆಕೆಂಡ್ ಲೋಡ್, 210 ಅನ್‌ಲೋಡ್ ಆದರೆ ಶೇ. 30. ದುರಸ್ತಿಯಾದ ಮೇಲೆ 40 ಮತ್ತು 360 ಆದರೆ ಶೇ. 10. ವ್ಯತ್ಯಾಸದ ಶೇ. 20, 15 ಕಿಲೋವಾಟಿನ ಮೇಲೆ 3 ಕಿಲೋವಾಟ್. ಈ ಎರಡು ಚೀಟಿಗಳ ಮೇಲೆ ಫೋರ್‌ಮನ್ನರ ಸಹಿ ಇದ್ದರೆ ಯಾವ ಸಮಿತಿಯೂ ಪ್ರಶ್ನಿಸುವುದಿಲ್ಲ. ದುರಸ್ತಿಗೆ ಮೊದಲಿನ ಅಳತೆ ಇಲ್ಲದ ಸಲಹೆಗಳೇ ಹೆಚ್ಚು ಬಿದ್ದುಹೋಗುವುದು, ಏಕೆಂದರೆ ಸೋರಿಕೆ ನಿಂತ ಮೇಲೆ ಅದು ಎಷ್ಟಿತ್ತು ಎಂದು ಹೇಳಲು ಸಾಕ್ಷಿಯೇ ಇರುವುದಿಲ್ಲ.

ಮೊದಲ ವರ್ಷಕ್ಕೆ ಮಾತ್ರ ಯಾಕೆ ಎಂದೂ ಕೇಳಿದ್ದೀರಿ. ಕಪ್ಲಿಂಗಿನ ರಬ್ಬರ್ ಸವೆಯುತ್ತದೆ, ಹೋಸ್ ಮತ್ತೆ ಸೀಳುತ್ತದೆ, ಸಾಬೂನು ನೀರು ಹಚ್ಚಿ ಗುಳ್ಳೆ ನೋಡುವವರಿಲ್ಲದಿದ್ದರೆ ಉಳಿತಾಯ ಕೆಲವೇ ತಿಂಗಳಲ್ಲಿ ಸೋರಿಹೋಗುತ್ತದೆ. ಹಾಗೆಯೇ ರಾತ್ರಿ ಪಾಳಿ ಇಲ್ಲದಿದ್ದರೂ ಕಂಪ್ರೆಸರ್ ನಡೆಯುತ್ತಿದ್ದರೆ ಅದನ್ನು ಬಂದ್ ಮಾಡುವುದು ಕಪ್ಲಿಂಗಿಗಿಂತ ಅಗ್ಗದ ಉಪಾಯ. ಬಹುಮಾನವಿಲ್ಲದಿದ್ದರೂ ಅದನ್ನು ಹೇಳಿಬಿಡಿ.

ಇದೇ ಜಾತಿಯ ಇನ್ನೊಂದು ಜಗಳ ಗುಮಾಸ್ತರದು: ‘ನನ್ನ ಹೊಸ ನಮೂನೆಯಿಂದ ದಿನಕ್ಕೆ 20 ನಿಮಿಷ ಉಳಿಯುತ್ತದೆ, 40 ಜನ, ಇಷ್ಟು ಲಕ್ಷ’. ಆ 20 ನಿಮಿಷಕ್ಕೆ ಯಾರ ಸಂಬಳವೂ ಕಡಿಮೆಯಾಗುವುದಿಲ್ಲ, ಓವರ್‌ಟೈಮ್ ಇಳಿದರೆ ಮಾತ್ರ ಅದು ಹಣ. ಇಂಥವಕ್ಕೆ ಶೇಕಡಾ ಲೆಕ್ಕವಲ್ಲ, ನಿಗದಿತ ಸಣ್ಣ ಮೊತ್ತವೇ ಸರಿ. ಕಾಗದದ ಮೇಲಿನ ಕೋಟಿಗಳನ್ನು ತೋರಿಸಿ ನಗದು ಕೇಳಿದ್ದೇ ಎಷ್ಟೋ ಯೋಜನೆಗಳನ್ನು ಹಣಕಾಸು ಇಲಾಖೆಯ ಕಣ್ಣಲ್ಲಿ ಕೆಡಿಸಿದೆ.

ಪ್ರಶ್ನೆ: ಹಡಗು ದುರಸ್ತಿಯಲ್ಲಿ ಬಳಸುವ ಒಂದು ವೆಲ್ಡಿಂಗ್ ಜಿಗ್ (ಬೆಸೆಯುವಾಗ ಭಾಗಗಳನ್ನು ಹಿಡಿದಿಡುವ ಸಾಧನ) ನನ್ನ ತಲೆಯಲ್ಲಿದೆ. ಬಹುಮಾನ ಯೋಜನೆ ನಿಂತಿತು, ಹಾಗಾಗಿ ಸಲ್ಲಿಸಲಿಲ್ಲ. ಪೇಟೆಂಟ್ ಮಾಡಿ ಹೊರಗಿನವರಿಗೆ ಮಾರಬಹುದೇ? ನಾನಿರುವುದು ಸರಕಾರಿ ಉದ್ಯಮದಲ್ಲಿ. — ಓದುಗರು, ವಾಸ್ಕೊ

ಉತ್ತರ: ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ನೌಕರನ ಆವಿಷ್ಕಾರ ಯಾರದ್ದು ಎಂದು ಹೇಳುವ ಪ್ರತ್ಯೇಕ ಅಧ್ಯಾಯವಿಲ್ಲ. ನೇಮಕಾತಿ ಪತ್ರ, ಸೇವಾ ನಿಯಮ, ನಿಮ್ಮ ಕೆಲಸದ ಸ್ವರೂಪ, ಇವೇ ತೀರ್ಮಾನಿಸುತ್ತವೆ. ವಿನ್ಯಾಸ ವಿಭಾಗದಲ್ಲಿದ್ದು ಜಿಗ್ ಮಾಡುವುದೇ ನಿಮ್ಮ ಕೆಲಸವಾದರೆ ಅದು ಸಂಸ್ಥೆಯದು. ಭಂಡಾರದ ಗುಮಾಸ್ತರಾಗಿದ್ದು ಮನೆಯಲ್ಲಿ ಕೂತು ಮಾಡಿದ್ದರೆ ಮಾತು ಬೇರೆ. ಎರಡರ ನಡುವೆ ಇದ್ದರೆ, ಬಹುಪಾಲು ಜನ ಅಲ್ಲೇ ಇರುತ್ತಾರೆ, ಅರ್ಜಿಗೆ ಮೊದಲು ಲಿಖಿತ ಅನುಮತಿ ಕೇಳಿ. ಹೊರಗಿನವರಿಗೆ ಮಾರುವುದು ನಡತೆ ನಿಯಮಗಳ ಪ್ರಕಾರ ವ್ಯಾಪಾರವಾಗಬಹುದು, ರಕ್ಷಣಾ ಕೆಲಸದ ಜಾಗವಾದರೆ ಗೋಪ್ಯತೆಯ ಪ್ರಶ್ನೆಯೂ ಬರುತ್ತದೆ. ಅನುಮತಿ ಇಲ್ಲದೆ ಹೆಜ್ಜೆ ಇಡಬೇಡಿ.

ಎಲ್ಲಕ್ಕಿಂತ ಮುಖ್ಯ: ಬಾಯಿ ಮುಚ್ಚಿಕೊಳ್ಳಿ. ಜಿಗ್ಗಿನ ಫೋಟೋ ಗುಂಪಿಗೆ ಕಳಿಸಿದರೆ, ಪ್ರದರ್ಶನಕ್ಕೆ ಇಟ್ಟರೆ ಹೊಸತನ ಹೋಗುತ್ತದೆ, ಆಮೇಲೆ ಪೇಟೆಂಟಿಗೆ ಉಳಿಯುವುದು ಕಷ್ಟ. ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಯ ಸರಕಾರಿ ಶುಲ್ಕ 1,600 ರೂ., ಪರೀಕ್ಷೆಗಾಗಿ ಬೇಡಿಕೆ ಸಲ್ಲಿಸುವಾಗ 4,000 ರೂ. 2024ರ ತಿದ್ದುಪಡಿಯ ನಂತರ ಆ ಬೇಡಿಕೆಗೆ ಗಡುವು 31 ತಿಂಗಳು, ಮೊದಲಿನ 48 ಅಲ್ಲ. ಗೋವಾಕ್ಕೆ ಸಂಬಂಧಿಸಿದ್ದು ಮುಂಬಯಿಯ ಆಂಟಾಪ್ ಹಿಲ್‌ನ ಪೇಟೆಂಟ್ ಕಚೇರಿ. ಜಿಗ್ ಎಂಬುದು ವಸ್ತುವಾದ್ದರಿಂದ ಅರ್ಜಿಗೆ ಯೋಗ್ಯ. ಕೆಲಸದ ಕ್ರಮ, ನಮೂನೆ, ಬಾಡಿಗೆ ಲೆಕ್ಕದ ಹೊಸ ವಿಧಾನ ಇಂಥವಕ್ಕೆ, ವ್ಯವಹಾರ ವಿಧಾನಗಳಿಗೆ ಪೇಟೆಂಟ್ ಇಲ್ಲವೆನ್ನುವ 3(ಕೆ) ಕಲಮು ಅಡ್ಡ ಬರುತ್ತದೆ.

ಪ್ರಶ್ನೆ: ನಿಂತುಹೋದ ಯೋಜನೆಯ ಹಳೆಯ ಬಹುಮಾನ ಈ ತಿಂಗಳ ಸಂಬಳದ ಜೊತೆ ಬಂತು, ಅದರಲ್ಲೂ ಟಿ.ಡಿ.ಎಸ್. ಕಡಿದಿದ್ದಾರೆ. ಸರಕಾರಿ ಬಹುಮಾನಕ್ಕೆ ತೆರಿಗೆ ಇಲ್ಲ ಎನ್ನುತ್ತಾರಲ್ಲ? — ಓದುಗರು, ಥಾಣೆ

ಉತ್ತರ: ಎಲ್ಲ ಸರಕಾರಿ ಬಹುಮಾನಕ್ಕೂ ಅಲ್ಲ. ಸಾರ್ವಜನಿಕ ಹಿತಕ್ಕಾಗಿ ಸರಕಾರ ಸ್ಥಾಪಿಸಿದ ಅಥವಾ ಕೇಂದ್ರ ಸರಕಾರ ಅನುಮೋದಿಸಿದ ಪುರಸ್ಕಾರಗಳಿಗೆ ವಿನಾಯಿತಿ ಇದೆ. ಕಚೇರಿ ತನ್ನ ನೌಕರನಿಗೆ ಕೆಲಸದ ಸಲಹೆಗಾಗಿ ಕೊಡುವ ನಗದು, ಅಂಥ ಅನುಮೋದನೆ ಇಲ್ಲದಿದ್ದರೆ, ಸಂಬಳದ ಭಾಗ. ಮಂಜೂರಿ ಆದೇಶದಲ್ಲಿ ಅನುಮೋದನೆಯ ಉಲ್ಲೇಖ ಇದೆಯೇ ನೋಡಿ, ಇದ್ದರೆ ಅದರ ಪ್ರತಿಯನ್ನು ಸಂಬಳ ಶಾಖೆಗೆ ಕೊಡಿ. ಇಲ್ಲದಿದ್ದರೆ ಕಚೇರಿ ಕೊಡುವ ಟಿ.ಡಿ.ಎಸ್. ಪ್ರಮಾಣಪತ್ರದಲ್ಲಿ ಮೊತ್ತ ಸರಿಯಾಗಿ ಬಂದಿದೆಯೇ ಎಂದಷ್ಟು ನೋಡಿಕೊಳ್ಳಿ.

ಪ್ರಶ್ನೆ: ನಿವೃತ್ತ ಗುಮಾಸ್ತೆ. ಒಳ್ಳೆಯ ಸಲಹೆಗೆ ನಾಲ್ಕು ಕಾಸು ಕೊಡುವುದನ್ನೂ ಸರಕಾರ ನಿಲ್ಲಿಸುವುದೆಂದರೆ ಜಿಪುಣತನ ಅಲ್ಲವೇ? ಬೇರೆ ದೇಶಗಳಲ್ಲಿ ಹೀಗುಂಟೇ? — ಓದುಗರು, ಡೊಂಬಿವಲಿ

ಉತ್ತರ: ಅಮ್ಮಾ, ಜಿಪುಣತನ ಎನ್ನುವುದಕ್ಕಿಂತ ಸೋಮಾರಿತನ ಎನ್ನಬೇಕು.

ಈ ಪದ್ಧತಿ ಹಳೆಯದು. ಜಪಾನಿನ ಶೋಗುನ್ (ಸೇನಾ ಆಡಳಿತಗಾರ) ಯೋಶಿಮುನೆ 1721ರಲ್ಲಿ ಎಡೋ (ಇಂದಿನ ಟೋಕಿಯೊ) ಪಟ್ಟಣದಲ್ಲಿ ಪ್ರಜೆಗಳಿಗಾಗಿ ಪೆಟ್ಟಿಗೆ ಇಡಿಸಿದ. ಹೆಸರು, ವಿಳಾಸ ಇಲ್ಲದ ಚೀಟಿಯನ್ನು ಸುಡುತ್ತಿದ್ದರು, ಇದ್ದದ್ದನ್ನು ಅವನೇ ಓದುತ್ತಿದ್ದ. ಒಬ್ಬ ವೈದ್ಯನ ಚೀಟಿಯಿಂದ ಮರುವರ್ಷವೇ ಕೊಯಿಶಿಕಾವಾದಲ್ಲಿ ಬಡವರ ಆಸ್ಪತ್ರೆ ಎದ್ದಿತು. ಸ್ಕಾಟ್‌ಲೆಂಡಿನ ಡಂಬಾರ್ಟನ್‌ನ ಡೆನ್ನಿ ಹಡಗುಕಟ್ಟೆಯಲ್ಲಿ 1880ರಲ್ಲಿ ಕಾರ್ಮಿಕರ ಸಲಹೆಗೆ ಬಹುಮಾನ ಶುರುವಾಯಿತು. ಅಮೆರಿಕದ ಕೊಡಾಕ್ ಕಂಪನಿ 1898ರಲ್ಲಿ ಕೊಟ್ಟ ಬಹುಮಾನ 2 ಡಾಲರ್, ಸಲಹೆ ಏನೆಂದರೆ ಕಿಟಕಿ ಗಾಜು ತೊಳೆಯಿರಿ, ಬೆಳಕು ಬರಲಿ ಎಂಬುದು. ಅಮೆರಿಕದ ಒಕ್ಕೂಟ ಸರಕಾರ ತನ್ನ ನೌಕರರ ಬಹುಮಾನಗಳಿಗೆ 1954ರಲ್ಲಿ ಕಾಯ್ದೆಯನ್ನೇ ಮಾಡಿತು. ಟೊಯೋಟಾ 1951ರಲ್ಲಿ ಆರಂಭಿಸಿದ ಪದ್ಧತಿ ಬೇರೆ ತರಹದ್ದು. ಅಲ್ಲಿ ಬಹುಮಾನ ಚಿಕ್ಕದು, ಆದರೆ ತಕ್ಷಣದ ಮೇಲ್ವಿಚಾರಕ ಬೇಗ ಉತ್ತರ ಕೊಡಬೇಕು.

ಸರಕಾರದಲ್ಲಿ ಉಳಿತಾಯದ ಪಾಲು ಕೊಡುವ ಯೋಜನೆ ಕುಂಟುವುದಕ್ಕೆ ಕಾರಣ ಬಜೆಟ್ಟಿನ ರೀತಿ. ಅಂಗಡಿಯವನಿಗೆ ಉಳಿದ ಹಣ ಗಲ್ಲಾಪೆಟ್ಟಿಗೆಯಲ್ಲಿ ಕಾಣುತ್ತದೆ. ಇಲಾಖೆಯಲ್ಲಿ ಉಳಿದದ್ದು ಮಾರ್ಚ್ ಕೊನೆಗೆ ವಾಪಸ್ಸು, ಮುಂದಿನ ವರ್ಷ ‘ನಿಮಗೆ ಅಷ್ಟು ಬೇಕಿಲ್ಲ’ ಎಂದು ಕತ್ತರಿ. ಉಳಿಸಿದ ಮುಖ್ಯಸ್ಥನಿಗೆ ಶಿಕ್ಷೆ, ಸಲಹೆ ಕೊಟ್ಟವನಿಗೆ ಬಹುಮಾನ, ಹಾಗಿದ್ದರೆ ಮುಖ್ಯಸ್ಥ ಆ ಕಡತಕ್ಕೆ ಯಾಕೆ ಸಹಿ ಹಾಕಿಯಾನು? ಇನ್ನೊಂದು, ಪರಿಶೀಲನೆಗೆ ಹೋಗುವುದು ಯಾರ ಕೆಲಸದಲ್ಲಿ ಕೊರತೆ ತೋರಿಸಲಾಗಿದೆಯೋ ಅದೇ ಅಧಿಕಾರಿಗೆ. ‘ಈ ವಿಷಯ ಆಗಲೇ ಪರಿಶೀಲನೆಯಲ್ಲಿದೆ’ ಎಂಬ ಷರಾ ಎಷ್ಟು ಕಡತಗಳ ಮೇಲೆ ಬಿದ್ದಿದೆಯೆಂದು ನಿಮಗೇ ಗೊತ್ತಿರಬೇಕು.

ಆದ್ದರಿಂದ ಶೇಕಡಾವಾರು ನಗದನ್ನು ಬಿಡುವುದರಲ್ಲಿ ನಮಗೆ ಬೇಸರವಿಲ್ಲ. ಬೇಸರವಿರುವುದು ಅದರೊಂದಿಗೆ ರಿಜಿಸ್ಟರನ್ನೂ, 30 ದಿನದಲ್ಲಿ ಉತ್ತರ ಕೊಡುವ ಕರ್ತವ್ಯವನ್ನೂ ಬಿಟ್ಟುಬಿಡುವುದರಲ್ಲಿ. ಆ ಎರಡಕ್ಕೆ ಒಬ್ಬ ಗುಮಾಸ್ತ, ಒಂದು ಪುಸ್ತಕ ಸಾಕು.

ಪ್ರಶ್ನೆ: ಯೋಜನೆ ಮುಚ್ಚಿದಾಗ ನನ್ನ ಸಲಹೆಗೆ ಏನಾಯಿತು ಎಂದು ಯಾರೂ ಹೇಳುತ್ತಿಲ್ಲ. ಮಾಹಿತಿ ಹಕ್ಕಿನಲ್ಲಿ ‘ಯಾಕೆ ತಿರಸ್ಕರಿಸಿದಿರಿ’ ಎಂದು ಕೇಳಿದರೆ ‘ಇದು ಮಾಹಿತಿಯಲ್ಲ’ ಎಂದು ಬರೆದರು. — ಓದುಗರು, ಮಡಗಾಂವ್

ಉತ್ತರ: ಕೇಳಿದ ರೀತಿ ತಪ್ಪಾಗಿದೆ. ‘ಯಾಕೆ’ ಎಂಬುದಕ್ಕೆ ಸಮರ್ಥನೆ ಕೊಡಬೇಕಾದ ಹೊಣೆ ಮಾಹಿತಿ ಅಧಿಕಾರಿಗಿಲ್ಲ ಎಂದು ಬಾಂಬೆ ಹೈಕೋರ್ಟಿನ ಗೋವಾ ಪೀಠವೇ 2008ರಲ್ಲಿ ಹೇಳಿದೆ. ಕಾಗದವನ್ನು ಕೇಳಿ, ಕಾರಣ ಅದರೊಳಗೇ ಇರುತ್ತದೆ. ಹೀಗೆ ಬರೆಯಿರಿ: ‘ಇಂಥ ತಾರೀಖಿನ, ಇಂಥ ಆವಕ್ ನಂಬರಿನ ನನ್ನ ಸಲಹೆಯ ಕಡತದ ಟಿಪ್ಪಣಿ ಪುಟಗಳ ನಕಲು, ಅದನ್ನು ಪರಿಗಣಿಸಿದ ಸಭೆಯ ನಡಾವಳಿಯ ನಕಲು, ಯೋಜನೆ ರದ್ದಾದ ದಿನ ಬಾಕಿ ಇದ್ದ ಸಲಹೆಗಳ ರಿಜಿಸ್ಟರಿನ ಸಂಬಂಧಿತ ಪುಟದ ನಕಲು.’ ಶುಲ್ಕ 10 ರೂ., ಉತ್ತರಕ್ಕೆ 30 ದಿನ, ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಎರಡನೆಯದು.

ಮುಂಬಯಿ, ಪುಣೆಯ ಓದುಗರು ಇದನ್ನೇ ನಕಲು ಮಾಡುವುದಾದರೆ, ಮಹಾರಾಷ್ಟ್ರದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ರಾಜ್ಯದ ಕಚೇರಿಯಾದರೆ ಮೊದಲ ಮೇಲ್ಮನವಿಗೆ 20 ರೂ.ನ ಕೋರ್ಟ್ ಫೀ ಸ್ಟಾಂಪ್ ಅಂಟಿಸಬೇಕು, ಕೇಂದ್ರದ ಕಚೇರಿಗಾದರೆ ಅದು ಬೇಕಿಲ್ಲ. ಆವಕ್ ನಂಬರ್ ನೆನಪಿಲ್ಲದಿದ್ದರೆ ಸಲ್ಲಿಸಿದ ವಾರದ ಆವಕ್ ರಿಜಿಸ್ಟರಿನ ಪುಟಗಳನ್ನು ಖುದ್ದಾಗಿ ನೋಡಲು ಅವಕಾಶ ಕೇಳಿ. ಮೊದಲ ಒಂದು ಗಂಟೆಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ. ಹೋಗುವಾಗ ಪೆನ್ಸಿಲು ಒಯ್ಯಿರಿ, ಬಹಳ ಕಡೆ ಪೆನ್ನು ತರಬೇಡಿ ಎನ್ನುತ್ತಾರೆ.